ಮೇಸ್ತ್ರಿಯ ಕೆಂಪು ಕೈಗವಸು

ಜೂನ್ 4, ಬುಧವಾರ

ಕೆಲಸ ಸಿಕ್ಕಿತು. ನಿಂಬೆ ತೋಟದ ಉಗ್ರಾಣದ ಬೀಗದ ಕೈ ಈಗ ನನ್ನ ಸೊಂಟದಲ್ಲಿದೆ. ತೋಟದ ಒಡತಿ ಕರೆಸಿ, "ನೀನು ಬಟ್ಟೆ ಬಲ್ಲವಳು. ಆಳುಗಳಿಗೆ ಮೈಗೆ, ಕೈಗೆ, ಕಾಲಿಗೆ ಏನೇನು ಬೇಕೋ ನೀನೇ ಆರಿಸು. ನಿನ್ನ ತಂಗಿಗೆ ಆದದ್ದು ಇನ್ನೊಬ್ಬರಿಗೆ ಆಗಬಾರದು" ಅಂದರು. ತಲೆಯಾಡಿಸಿದೆ. ಇನ್ನೊಬ್ಬರಿಗೆ ಆಗಬಾರದು, ಸರಿ. ಒಬ್ಬನಿಗೆ ಮಾತ್ರ ಆಗಬೇಕು.

ಕೋಪಕ್ಕೂ ಹಾಲಿಗೂ ಒಂದೇ ಗುಣ, ಬಿಟ್ಟರೆ ಆರಿಹೋಗುತ್ತದೆ. ನನ್ನದು ಆರಬಾರದು ಅಂತಲೇ ಇದನ್ನು ಬರೆದಿಡುತ್ತಿದ್ದೇನೆ.

ಹೊಲಿಗೆ ಕಡಿಮೆ ಇರುವ ತಿಂಗಳುಗಳಲ್ಲಿ ತಂಗಿ ಈ ತೋಟಕ್ಕೆ ಔಷಧಿ ಹೊಡೆಯಲು ಬರುತ್ತಿದ್ದಳು. ಹುಳಕ್ಕೆ ಹಾಕುವ ವಿಷಕ್ಕೆ ಔಷಧಿ ಅಂತ ಹೆಸರಿಟ್ಟ ಪುಣ್ಯಾತ್ಮ ಯಾರೋ! ಕಳೆದ ಹಂಗಾಮಿನಲ್ಲಿ ಅವಳ ರಬ್ಬರಿನ ಕೈಗವಸು ಹರಿದಿತ್ತು. ಬೇರೆ ಕೊಡಿ ಎಂದು ಕೇಳಿದಳು. ತೋಟದ ಮೇಸ್ತ್ರಿ, ಹಣ್ಣು ಕೀಳುವಾಗ ಹಾಕುವ ಬಟ್ಟೆಯ ಕೈಗವಸು ಎಸೆದು, "ಇದನ್ನ ಹಾಕ್ಕೊಂಡು ನಡಿ, ಕೈ ಕೆಸರಾದ್ರೆ ಬಾಯಿ ಮೊಸರು" ಅಂದ. ಬಟ್ಟೆ ಔಷಧಿಯನ್ನು ಹೀರಿಕೊಂಡು ಮಧ್ಯಾಹ್ನದವರೆಗೆ ಅವಳ ಕೈಗೆ ಪಟ್ಟು ಹಾಕಿದ ಹಾಗೆ ಕೂತಿತ್ತು. ಆಮೇಲೆ ಚರ್ಮ ಸುಲಿದು ಬಂತು. ಈಗ ಗಾಯ ಮಾಯ್ದಿದೆ, ಬೆರಳ ತುದಿಗೆ ಸ್ಪರ್ಶ ಮಾತ್ರ ತಿರುಗಿ ಬಂದಿಲ್ಲ. ನಮ್ಮ ಹೊಲಿಗೆ ಅಂಗಡಿಯಲ್ಲಿ ಕತ್ತರಿ ನನ್ನದು, ಸೂಜಿ ಅವಳದು. ಆ ಸೂಜಿ ಈಗ ಬೆರಳ ನಡುವೆ ಇದೆಯೋ ಬಿದ್ದಿದೆಯೋ ಅವಳಿಗೆ ಕಣ್ಣಿಟ್ಟು ನೋಡಿದರೇ ಗೊತ್ತಾಗುವುದು.

ಮೇಸ್ತ್ರಿಗೆ ಏನಾಯಿತು? ಏನೂ ಇಲ್ಲ. ಬೆಳಗ್ಗೆ ಎದ್ದ, ಮೀಸೆ ತಿರುವಿದ, ಕೆಲಸಕ್ಕೆ ಬಂದ. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುತ್ತಾರೆ, ಇವನು ಕೆಳಗೆ ಕೂಡ ಬೀಳಲಿಲ್ಲ.

ಬೀಳಿಸುತ್ತೇನೆ.

ಜೂನ್ 5

ಅವನಿಗೆ ಆಳುಗಳು ಇಟ್ಟ ಹೆಸರು ಗುಡುಗು. ಗೇಟಿನಲ್ಲಿ ಕೆಮ್ಮಿದರೆ ತೋಟದ ಆ ತುದಿಯಲ್ಲಿ ಹಕ್ಕಿಗಳು ಹಾರುತ್ತವೆ. ಉಗ್ರಾಣ ತೋರಿಸುತ್ತ ನನಗೂ ಗುಡುಗಿದ: "ಇದೆಲ್ಲ ನಿಮ್ಮ ಹೊಲಿಗೆ ಅಂಗಡಿ ಅಲ್ಲಮ್ಮ. ಇಲ್ಲಿ ಅಂದ ಚಂದ ನಡಿಯಲ್ಲ."

"ಹೌದು ಮೇಸ್ತ್ರಿಗಳೇ, ಕಾಣ್ತಾ ಇದೆ" ಎಂದೆ.

ಅಂದ ಚಂದ ಇರಲಿ, ಒಂದು ಜೊತೆ ನೆಟ್ಟಗಿರುವ ಬೂಟು ಇಲ್ಲ. ಅಟ್ಟೆ ಬಾಯಿ ಬಿಟ್ಟಿವೆ. ಮುಖಕ್ಕೆ ಹಾಕುವ ಮಾಸ್ಕಿನ ಒಳಗೆ ಇಲಿ ಸಂಸಾರ ಹೂಡಿ, ಮಕ್ಕಳನ್ನು ಸಾಕಿ, ಮನೆ ಖಾಲಿ ಮಾಡಿಕೊಂಡು ಹೋಗಿದೆ. ಮೂಲೆಯಲ್ಲಿ ಬಟ್ಟೆಯ ಕೈಗವಸಿನ ರಾಶಿ. ಅದರಲ್ಲಿ ಒಂದು ಜೊತೆ ಹಳದಿಗಟ್ಟಿ ಮಡಚಿದಲ್ಲೇ ಸೆಟೆದುಕೊಂಡಿತ್ತು. ತಂಗಿಯದೇ ಇರಬೇಕು. ಕೋಲಿನಿಂದ ಎತ್ತಿ ಹೊರಗೆ ಹಾಕಿದೆ.

ಅವನು ತಂಗಿಯ ಬಗ್ಗೆ ಕೇಳಲೇ ಇಲ್ಲ. ಬಾಗಿಲು ದಾಟುವಾಗ ಒಮ್ಮೆ ನಿಂತ, ಬಾಯಿ ತೆರೆದ, ಮತ್ತೆ ಮುಚ್ಚಿಕೊಂಡು ಹೋದ. ಗುಡುಗಿಗೂ ಗಂಟಲು ಕಟ್ಟುತ್ತದೆ ಅಂತ ಗೊತ್ತಿರಲಿಲ್ಲ. ಕಟ್ಟಲಿ.

ಜೂನ್ 9, ಸೋಮವಾರ

ಪೇಟೆಗೆ ಹೋಗಿದ್ದೆ. ಕೆಲಸದ ಬಟ್ಟೆ ಮಾರುವ ಅಂಗಡಿಯಾಕೆ ಬಲು ಮಾತುಗಾರ್ತಿ. ಕೈಗವಸು ತೋರಿಸು ಎಂದರೆ, ಅದರ ಬಾಯಿಗೆ ತನ್ನ ಬಾಯಿಟ್ಟು ಬಲೂನಿನ ಹಾಗೆ ಊದಿ, ಹಿಸುಕಿ ಹಿಡಿದು, ಬಕೆಟ್ಟಿನ ನೀರಿನಲ್ಲಿ ಮುಳುಗಿಸಿದಳು.

"ನೋಡು, ಗುಳ್ಳೆ ಬಂದ್ರೆ ತೂತು. ಬರ್ಲಿಲ್ಲ ಅಂದ್ರೆ ಗಟ್ಟಿ. ಹೊಸದನ್ನ ಮಾತ್ರ ಹೀಗೆ ಊದು ಮತ್ತೆ. ಹಳೇದಾದ್ರೆ ಬಾಯಿ ಇಡ್ಬೇಡ, ಅಂಚು ಸುರುಳಿ ಸುತ್ತಿ ಒಳಗೆ ಗಾಳಿ ಹಿಡಿ. ಗಂಡನ್ನ ಆರಿಸುವಾಗ ಹೀಗೆ ಮುಳುಗಿಸಿ ನೋಡೋ ಹಾಗಿದ್ದಿದ್ರೆ ನಾನು ಈ ಅಂಗಡಿ ಇಡ್ತಾನೇ ಇರ್ಲಿಲ್ಲ."

ಔಷಧಿಗೆ ನೈಟ್ರೈಲ್ ಎಂಬ ಹಸಿರು ರಬ್ಬರಿನಂಥದ್ದು ಬೇಕಂತೆ. ಒಳಗೆ ಬಟ್ಟೆಯ ಅಸ್ತರಿ ಇರಬಾರದು. ಬೂಟು ಮೊಣಕಾಲ ತನಕ, ಅದೂ ರಬ್ಬರಿನದು, ಪ್ಯಾಂಟು ಅದರ ಹೊರಗೆ ಬರಬೇಕು, ಒಳಗೆ ತುರುಕಿದರೆ ಸೋರಿದ್ದೆಲ್ಲ ಪಾದಕ್ಕೆ. ಗಮನವಿಟ್ಟು ಕೇಳಿದೆ. ಆಗ ಗೋಡೆಯ ಮೊಳೆಯಲ್ಲಿ ನೇತಾಡುತ್ತಿದ್ದ ಒಂದು ಜೊತೆ ಕಣ್ಣಿಗೆ ಬಿತ್ತು. ಕೆಂಪು ತೊಗಲು, ಮಣಿಕಟ್ಟಿನಲ್ಲಿ ಹಿತ್ತಾಳೆಯ ಗುಂಡಿ, ಒಳಗೆ ಮೆತ್ತನೆಯ ಅಸ್ತರಿ.

"ಅದು ಮುಳ್ಳಿನ ಕೆಲಸಕ್ಕೆ" ಅಂದಳು. "ಕೊಂಬೆ ಕಡಿಯೋರಿಗೆ, ಕೊಂಬೆ ಎತ್ತೋರಿಗೆ ಅದಕ್ಕಿಂತ ಒಳ್ಳೇದಿಲ್ಲ. ಔಷಧಿ ಹತ್ರ ಮಾತ್ರ ತರಬೇಡ. ತೊಗಲು ಕುಡಿಯುತ್ತೆ, ಉಗುಳಲ್ಲ. ಎಷ್ಟು ತೊಳೆದ್ರೂ ಹೋಗಲ್ಲ. ಹಾಕಿದಾಗೆಲ್ಲ ಕೈಗೆ ಕುಡಿಸ್ತಾನೇ ಇರುತ್ತೆ."

ಕುಡಿಯುತ್ತೆ, ಉಗುಳಲ್ಲ. ದಾರಿಯುದ್ದಕ್ಕೂ ಈ ಮಾತನ್ನು ಮಂತ್ರದ ಹಾಗೆ ಹೇಳಿಕೊಂಡು ಬಂದೆ. ಎಲ್ಲರಿಗೂ ಹಸಿರು ತಂದೆ. ಕೆಂಪು ಒಂದೇ ಜೊತೆ.

ಜೂನ್ 10

ಹಂಚಿದ್ದಾಯಿತು. ಎಲ್ಲರೂ ಉದ್ದಮ್ಮ ಎನ್ನುವ ನೀಳ ಕೈಯವಳಿಗೆ ಯಾವ ದಿರಿಸಿನ ತೋಳೂ ಮೊಣಕೈ ದಾಟುವುದಿಲ್ಲ. ಪೀಪಾಯಿ ಎಂಬ ಡೊಳ್ಳು ಹೊಟ್ಟೆಯವನಿಗೆ ಮೈ ಪೂರ್ತಿ ಮುಚ್ಚುವ ದಿರಿಸಿನ ಜಿಪ್ಪು ಹೊಕ್ಕುಳ ತನಕ ಬಂದು ಅಲ್ಲೇ ಶರಣಾಯಿತು. "ಅಕ್ಕಾ, ನಾನು ಉಸಿರು ಒಳಗೆ ಎಳ್ಕೊಂಡೇ ಔಷಧಿ ಹೊಡೀತೀನಿ ಬಿಡಿ" ಅಂದ. "ಬಿಟ್ಟಾಗ ಜಿಪ್ಪು ಹಾರಿ ಮರಕ್ಕೆ ತಗಲುತ್ತೆ ಕಣೋ" ಎಂದಳು ಉದ್ದಮ್ಮ.

ಮೇಸ್ತ್ರಿಯ ಕೈ ಅಳೆದೆ. ಅಷ್ಟು ದೊಡ್ಡ ಧ್ವನಿಯ ಮನುಷ್ಯನಿಗೆ ಇಷ್ಟು ಪುಟ್ಟ ಕೈ! ಹೆಂಗಸರ ಅಳತೆ. ಟೇಪು ನೋಡಿ ಅವನೇ ಕೈ ಹಿಂದೆಳೆದುಕೊಂಡು, "ದೊಡ್ಡದೇ ಕೊಡು, ಬಿಗಿಯಾದ್ದು ನಂಗೆ ಆಗಲ್ಲ" ಅಂದ. ಹಸಿರಿನ ಪಕ್ಕದಲ್ಲಿ ಕೆಂಪನ್ನು ಇಟ್ಟಿದ್ದೆ. ಇಟ್ಟಿದ್ದೆ, ಅಷ್ಟೇ. ಕಣ್ಣು ಅಲ್ಲಿಗೇ ಹೋಯಿತು.

"ಇದು ಯಾರದ್ದು?"

"ಒಂದೇ ಬಂದಿರೋದು. ಯಾರಿಗೆ ಒಪ್ಪುತ್ತೋ ಅವರಿಗೆ."

ಹಾಕಿಕೊಂಡ, ಗುಂಡಿ ಒತ್ತಿದ, ತಿರುಗಿಸಿ ತಿರುಗಿಸಿ ನೋಡಿದ. "ಔಷಧಿಗೂ ಆಗುತ್ತಾ?" ಎಂದು ಕೇಳಿದ. ನಾನು ಪೀಪಾಯಿಯ ಜಿಪ್ಪಿಗೆ ಬಗ್ಗಿದವಳು ಎದ್ದೇಳಲಿಲ್ಲ. ಅವನೇ ಉತ್ತರ ಹೇಳಿಕೊಂಡ: "ಆಗ್ದೇ ಏನು, ಬಟ್ಟೆ ಅಲ್ವಲ್ಲ, ತೊಗಲು. ಗಟ್ಟಿ."

ನಾನು ಸುಳ್ಳು ಹೇಳಲಿಲ್ಲ. ಅವನಿಗೆ ಅವನೇ ಆರಿಸಿಕೊಂಡ. ಎಂಥಾ ಸೊಗಸಾದ ಸೇಡು! ಅಜ್ಜಿ ಹೇಳುತ್ತಿದ್ದ ಕಥೆಗಳಲ್ಲಿ ಕೂಡ ಇಷ್ಟು ಸಲೀಸಾಗಿ ರಾಕ್ಷಸ ಬೋನಿಗೆ ಬೀಳುತ್ತಿರಲಿಲ್ಲ.

ಜೂನ್ 14, ಶನಿವಾರ

ಹೊಸ ದಿರಿಸಿನಲ್ಲಿ ಮೊದಲ ಸಲ ಔಷಧಿ. ಮರದ ನೆತ್ತಿಗೆ ಹೊಡೆಯಬೇಕಾದ್ದರಿಂದ ಕೈ ಮೇಲೆತ್ತಬೇಕು. ಎತ್ತಿದ ಕೈಯಿಂದ ದ್ರವ ಕೆಳಗೆ ಇಳಿಯುತ್ತದೆ, ಅಂಗಿಯ ತೋಳು ಕೈಗವಸಿನ ಮೇಲಿದ್ದರೆ ಸೀದಾ ಕಂಕುಳಿಗೆ. ಅದಕ್ಕೆ ತೋಳನ್ನು ಕೈಗವಸಿನ ಒಳಗೆ ಸೇರಿಸಿ, ಬಾಯಿಯ ಅಂಚನ್ನು ಹೊರಕ್ಕೆ ಮಡಚಿ ಬಟ್ಟಲು ಮಾಡಬೇಕು. ಗಿಡ ಮೊಣಕಾಲೆತ್ತರ ಇದ್ದರೆ ಇದೆಲ್ಲ ಉಲ್ಟಾ. ಇದು ಅಂಗಡಿಯಾಕೆ ಹೇಳಿದ್ದಲ್ಲ, ನೀರು ತುಂಬಿದ ಪಂಪು ಹಿಡಿದು ಉಗ್ರಾಣದ ಹಿಂದೆ ನಾನೇ ನೆನೆದು ಕಂಡುಕೊಂಡದ್ದು. ಒಬ್ಬೊಬ್ಬರ ಅಂಚನ್ನೂ ಮಡಚಿ ಕಳಿಸಿದೆ.

ಅವನದನ್ನು ಮಡಚಲಿಲ್ಲ. ಕೆಂಪು ಕೈ ಎತ್ತಿಕೊಂಡು ಸಾಲಿನ ಮುಂದೆ ಹೋದ. ಸಂಜೆ ಬಂದಾಗ ಕೆಂಪು ನೆನೆದು ಕಪ್ಪಾಗಿತ್ತು.

ಜೂನ್ 17

ಎಡಗೈಯ ಬೆರಳ ಸಂದಿ ಕೆರೆದುಕೊಳ್ಳುತ್ತಿದ್ದ. ಕಂಡೆ. ಹೊಟ್ಟೆ ತಣ್ಣಗಾಯಿತು.

ಜೂನ್ 20, ಶುಕ್ರವಾರ

ಉದ್ದಮ್ಮನ ತೋಳಿನ ಸಮಸ್ಯೆ ಕೊನೆಗೂ ಬಗೆಹರಿಯಿತು. ತುಂಡು ಜೋಡಿಸಿದರೆ ಹೊಲಿಗೆಯ ತೂತಿನಲ್ಲಿ ಔಷಧಿ ಇಳಿಯುತ್ತದೆ. ಎರಡು ದಿನ ಅದೇ ಯೋಚನೆ. ತಂಗಿಯನ್ನು ಕೇಳಿದೆ. "ರೇನ್‌ಕೋಟಿನ ಹೊಲಿಗೆ ಮೇಲೆ ಅಂಟಿಸ್ತಾರಲ್ಲ, ಆ ಪಟ್ಟಿ ಹಾಕಕ್ಕಾ" ಅಂದಳು. ಅವಳು ಕೂತು ಹೇಳುತ್ತ ಹೋದಳು, ನಾನು ಮಾಡುತ್ತ ಹೋದೆ. ನೀರು ಸುರಿದು ನೋಡಿದೆವು, ಒಂದು ಹನಿ ಇಳಿಯಲಿಲ್ಲ. ಉದ್ದಮ್ಮ ಹಾಕಿಕೊಂಡು, "ಹುಟ್ಟಿದ್ಮೇಲೆ ಮೊದಲ್ನೇ ಸಲ ಮಣಿಕಟ್ಟು ಮುಚ್ಚಿತು ನೋಡ್ರೇ!" ಎಂದು ಕುಣಿದಳು. ಪೀಪಾಯಿಗೆ ಪಕ್ಕೆಗೆ ತುಂಡು ಕೊಟ್ಟೆ. ಈಗ ಉಸಿರಾಡುತ್ತಾನೆ. ಮಾಸ್ಕಿನ ಮೂತಿಯಲ್ಲಿ ಗಾಳಿ ಸೋಸುವ ಡಬ್ಬಿ ಔಷಧಿಯ ವಾಸನೆಯನ್ನು ಒಳಗೆ ಬಿಡಲು ಶುರು ಮಾಡಿದರೆ ಬದಲಾಯಿಸಬೇಕು ಎಂದು ಗೋಡೆಯ ಮೇಲೆ ಇದ್ದಿಲಿನಲ್ಲಿ ಚಿತ್ರ ಬರೆದಿದ್ದೇನೆ. ಇಲಿಯ ಚಿತ್ರವನ್ನೂ ಪಕ್ಕದಲ್ಲಿ ಹಾಕಿದೆ, ನಗಲಿ ಅಂತ.

ಸೇಡು ನಡೆಯುತ್ತಿದೆ.

ಜೂನ್ 23

ಮೇಸ್ತ್ರಿ ಉಗ್ರಾಣದ ಬಾಗಿಲಿಗೆ ಬಂದು, ಗುಡುಗದೆ, "ಮುಲಾಮು ಏನಾದ್ರೂ ಇದ್ಯೇನಮ್ಮ? ಕೈ ಉರೀತಿದೆ. ಶೆಕೆಗೆ ಇರಬೇಕು" ಅಂದ.

"ಇಲ್ಲ" ಎಂದೆ. ಇತ್ತು.

ಕೈ ಉರಿಯುತ್ತದಂತೆ! ತಂಗಿ ಅಂಗೈಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡು ಗೋಡೆಗೆ ಹಣೆ ಒತ್ತಿ ನಿಲ್ಲುತ್ತಿದ್ದಳಲ್ಲ, ಅದನ್ನು ನೆನೆದೆ. ಮತ್ತೆ ಮತ್ತೆ ನೆನೆದೆ. ಮುಲಾಮಿನ ಡಬ್ಬಿ ಮೇಜಿನ ಮೇಲೇ ಇತ್ತು, ಅವನು ಅದನ್ನು ಕಂಡನೋ ಏನೋ. ಕಂಡರೂ ಏನೂ ಅನ್ನದೆ ಹೋದ.

ಊಟ ಸೇರಲಿಲ್ಲ. ಶೆಕೆಗೆ ಇರಬೇಕು.

ಜೂನ್ 27, ಶುಕ್ರವಾರ

ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ತಂಗಿ ತೋಟಕ್ಕೆ ಬರುತ್ತಾಳಂತೆ!

"ಮನೇಲಿ ಕೂತು ಕೂತು ಗೋಡೆ ಮೇಲಿನ ಹಲ್ಲಿಗಳಿಗೆಲ್ಲ ಹೆಸರಿಟ್ಟಾಯ್ತು. ಇನ್ನು ಮದುವೆ ಮಾಡಿಸೋದೊಂದೇ ಬಾಕಿ. ಒಡತಿ ಕರೆದಿದ್ದಾರೆ, ಕಡಿದ ಕೊಂಬೆ ಎತ್ತೋ ಕೆಲಸ. ಔಷಧಿ ಅಲ್ಲ."

"ಆ ಮನುಷ್ಯನ ಕೈಕೆಳಗೆ ಹೋಗ್ತೀಯಾ?"

"ನೀನು ಹೋಗ್ತಾ ಇಲ್ವಾ?"

ಅವಳಿಗೆ ದಪ್ಪ ಕ್ಯಾನ್ವಾಸಿನ ಹೊಸ ಕೈಗವಸು ಆರಿಸಿ ಇಟ್ಟಿದ್ದೇನೆ. ತೊಗಲಿನ ವಿಷಯ ಅವಳ ಹತ್ತಿರ ಎತ್ತುವಂತಿಲ್ಲ, ಎತ್ತಿದರೆ ಕೆಂಪಿನ ವಿಷಯ ಬರುತ್ತದೆ.

ಜುಲೈ 1, ಮಂಗಳವಾರ

ಬರೆಯಲು ಕೈ ಬರುತ್ತಿಲ್ಲ. ಆದರೂ ಬರೆಯುತ್ತೇನೆ, ಬರೆಯುತ್ತೇನೆ ಎಂದು ನಾನೇ ಶುರು ಮಾಡಿದ್ದಲ್ಲವೇ.

ಹಗಲು ಊಟದ ಗಂಟೆ ಹೊಡೆದ ಮೇಲೆ ತಂಗಿಯನ್ನು ಹುಡುಕಿಕೊಂಡು ತೋಟದ ಒಳಗೆ ಹೋದೆ. ಕಡಿದ ಕೊಂಬೆಗಳ ರಾಶಿಯ ಹತ್ತಿರ ಬಗ್ಗಿ ನಿಂತಿದ್ದಳು. ಬಗಲಲ್ಲಿ ಮುಳ್ಳಿನ ಹೊರೆ, ಅದರ ಮೇಲೆ ಎರಡು ಕೆಂಪು ಕೈ.

ಹೇಗೆ ಓಡಿದೆನೋ ತಿಳಿಯದು. ಹೊರೆ ಕಿತ್ತೆಸೆದೆ, ಕೈಗವಸು ಎಳೆದೆ. ಗುಂಡಿ ಬಿಚ್ಚುವಷ್ಟು ತಾಳ್ಮೆ ಇರಲಿಲ್ಲ, ಹಿತ್ತಾಳೆ ಹರಿದು ಬಂತು. ಅವಳನ್ನು ದರದರ ನಲ್ಲಿಯ ಹತ್ತಿರ ಎಳೆದುಕೊಂಡು ಹೋಗಿ ಸೋಪು ಹಚ್ಚಿ ತಿಕ್ಕಿದೆ. ತಿಕ್ಕುತ್ತಲೇ ಇದ್ದೆ. ನೀರು ಕೆಂಪಗೆ ಹರಿಯಿತು. ತೊಗಲಿನ ಬಣ್ಣ ಅಂದುಕೊಂಡೆ. ರಕ್ತ.

"ಅಕ್ಕಾ, ಬಿಡೇ! ಅದು ಮುಳ್ಳು ಚುಚ್ಚಿದ್ದು" ಎಂದು ತಂಗಿ ಕೂಗಿದಳು. "ನೀನು ಕೊಟ್ಟ ಕ್ಯಾನ್ವಾಸಿನಲ್ಲಿ ಮುಳ್ಳು ಒಳಗೆ ಬಂದಿತ್ತು. ನಂಗೆ ಗೊತ್ತಾಗುತ್ತಾ ಏನು? ಮೇಸ್ತ್ರಿನೇ ನೋಡಿ, ತಮ್ಮದನ್ನ ಬಿಚ್ಚಿ ಕೊಟ್ರು."

ಅಷ್ಟು ಹೊತ್ತಿಗೆ ಅವನೂ ಬಂದಿದ್ದ. ಹಿಂದೆ ಉದ್ದಮ್ಮ, ಪೀಪಾಯಿ, ಎಲ್ಲರೂ. "ಯಾಕಮ್ಮ ಹಾಗೆ ಕಿತ್ತುಬಿಟ್ಟೆ?" ಅಂದ ಮೇಸ್ತ್ರಿ. "ಒಳ್ಳೇ ಗ್ಲೌಸು ಅದು. ಆವತ್ತು ಬಟ್ಟೇದು ಕೊಟ್ಟೆ ನಾನು. ಅದಕ್ಕೇ ಇವತ್ತು..."

"ಅದರ ತುಂಬ ಔಷಧಿ ಇದೆ!" ಎಂದು ಚೀರಿದೆ. "ತೊಗಲು ಕುಡಿಯುತ್ತೆ, ಉಗುಳಲ್ಲ! ತೊಳೆದ್ರೂ ಹೋಗಲ್ಲ!"

ತಂಗಿ ನನ್ನ ಮುಖ ನೋಡಿದಳು. ಚಿಕ್ಕಂದಿನಿಂದ ಅವಳಿಗೆ ನನ್ನ ಮುಖ ಓದಲು ಬರುತ್ತದೆ.

"ಇದು ನಿಂಗೆ ಯಾವಾಗ ಗೊತ್ತಾಯ್ತು?"

ಅವಳ ಕೈಯನ್ನು ಮತ್ತೆ ನಲ್ಲಿಯ ಕೆಳಗೆ ಹಿಡಿಯಲು ಹೋದೆ.

"ಅಕ್ಕಾ. ಯಾವಾಗ?"

"ಅಂಗಡೀಲಿ" ಎಂದೆ. "ತರುವಾಗಲೇ."

ಮೇಸ್ತ್ರಿ ತನ್ನ ಎರಡೂ ಕೈಗಳನ್ನು ಮುಂದೆ ಹಿಡಿದು ನೋಡಿಕೊಂಡ. ಬೆರಳ ಸಂದಿಯಲ್ಲಿ ಚರ್ಮ ಬಿರಿದಿತ್ತು. ಗುಡುಗುತ್ತಾನೆ, ಹೊಡೆಯುತ್ತಾನೆ ಅಂದುಕೊಂಡೆ. ಹೊಡೆಯಲಿ ಅಂತಲೂ ಅನ್ನಿಸಿತು. ಅವನು ಎಂದೂ ಇಲ್ಲದ ಸಣ್ಣ ದನಿಯಲ್ಲಿ, "ಹಾಗಾದ್ರೆ ಸರಿಹೋಯ್ತು ಬಿಡಮ್ಮ. ನಾನು ಮಾಡಿದ್ದು, ನೀನು ಮಾಡಿದ್ದು, ಸರಿಹೋಯ್ತು" ಅಂದ.

ಮೈ ಉರಿದುಹೋಯಿತು. "ಸರಿಹೋಗಿಲ್ಲ!" ಎಂದೆ. "ಸರಿಹೋಯ್ತು ಅನ್ನೋಕೆ ನೀವ್ಯಾರು?"

"ನೀನ್ಯಾರು?"

ಹೀಗೆ ಕೇಳಿದ್ದು ತಂಗಿ. ಒದ್ದೆ ಕೈಯಿಂದ ನೀರೂ ರಕ್ತವೂ ತೊಟ್ಟಿಕ್ಕುತ್ತಿತ್ತು. "ಕೈ ನಂದು. ನೀವಿಬ್ರೂ ನಿಂತ್ಕೊಂಡು ಯಾರ ಲೆಕ್ಕ ಮುಗಿಸ್ತಿದ್ದೀರಿ? ಮುಳ್ಳಿಗೆ ತೊಗಲೇ ಬೇಕು ಅಂತಾನೂ ಅಂಗಡಿಯಾಕೆ ಹೇಳಿರಬೇಕಲ್ಲ ಅಕ್ಕಾ? ಕೊಂಬೆ ಎತ್ತೋರು ಇಷ್ಟು ಜನ ಇದ್ದೀವಿ. ಎಷ್ಟು ಜೊತೆ ತಂದೆ?"

"ಒಂದು."

"ಅದೂ ಯಾರಿಗೆ ತಂದೆ?"

ಉತ್ತರಕ್ಕೂ ಕಾಯದೆ ಒಬ್ಬಳೇ ಮನೆಗೆ ನಡೆದುಹೋದಳು.

ಜುಲೈ 2

ಅವಳು ಮಾತಾಡಿಲ್ಲ. ಮುಲಾಮಿನ ಡಬ್ಬಿಯನ್ನು ಮೇಸ್ತ್ರಿ ಕೂರುವ ಕಲ್ಲಿನ ಮೇಲೆ ಇಟ್ಟು ಬಂದೆ. ಕೈ ಕೊಳೆತರೆ ಸೇಡು ಅನುಭವಿಸಲು ಕೈಯಾದರೂ ಎಲ್ಲಿರುತ್ತದೆ?

ಜುಲೈ 3, ಗುರುವಾರ

ತಂಗಿ ಒಡತಿಯನ್ನು ನೋಡಿ ಬಂದಳು. ನನ್ನನ್ನು ಕೆಲಸದಿಂದ ಬಿಡಿಸುತ್ತಾರೆ ಎಂದುಕೊಂಡು ಬೀಗದ ಕೈ ಬಿಚ್ಚಿ ಮೇಜಿನ ಮೇಲೆ ಇಟ್ಟಿದ್ದೆ.

"ಎತ್ತಿಟ್ಕೋ" ಅಂದಳು. "ಅಷ್ಟು ಸುಲಭವಾಗಿ ಬಿಡ್ತೀನಾ? ನಾನೂ ನಿನ್ನ ತಂಗಿನೇ. ನಂಗೂ ಸೇಡು ಬೇಕು."

"ಹೇಳು, ಏನು ಮಾಡೋಣ ಅವನಿಗೆ?" ಎಂದೆ. ಬಾಯಿಗೆ ಬಂದೇಬಿಟ್ಟಿತು, ಏನು ಮಾಡಲಿ.

ಅವಳು ನಕ್ಕಳು. ಮೊನ್ನೆಯಿಂದ ಮೊದಲ ನಗು. "ಹುಚ್ಚಿ. ಕೇಳಿಲ್ಲಿ. ಕೆಂಪನ್ನ ಔಷಧಿ ಡಬ್ಬಿಗಳ ಜೊತೆ ವಿಷದ ಕಸಕ್ಕೆ ಹಾಕು. ಕೊಂಬೆ ಎತ್ತೋರಿಗೆಲ್ಲ ತೊಗಲಿಂದು ತಾ. ಇನ್ಮೇಲೆ ಬೆಳಗ್ಗೆ ಔಷಧಿಗೆ ಹೋಗೋ ಮುಂಚೆ ಎಲ್ಲರೂ ನನ್ನ ಮುಂದೆ ಸಾಲಾಗಿ ನಿಲ್ಬೇಕು, ಕೈ ಎತ್ತಿ. ನಂಗೆ ಮುಟ್ಟಿದ್ರೆ ಗೊತ್ತಾಗಲ್ಲ, ನೋಡಿದ್ರೆ ಗೊತ್ತಾಗುತ್ತೆ. ಗ್ಲೌಸು ನೀರಲ್ಲಿ ಮುಳುಗಿಸಿ ನೋಡ್ತೀನಿ, ಅಂಚು ಮಡಚಿದ್ದೀರಾ ನೋಡ್ತೀನಿ. ನಾನು ಹೂಂ ಅನ್ನದೆ ಯಾರೂ ಪಂಪು ಮುಟ್ಟೋ ಹಾಗಿಲ್ಲ. ಒಡತಿ ಒಪ್ಪಿದ್ದಾರೆ. ಸಾಲಲ್ಲಿ ಮೊದಲು ಮೇಸ್ತ್ರಿ."

"ಭೇಷ್!" ಎಂದೆ. "ಎಲ್ಲರ ಮುಂದೆ ಕೈ ಎತ್ತಲಿ ಆ ಗುಡುಗು!"

"ಅವರ ಹಿಂದೆ ನೀನು."

"ನಾನು ಉಗ್ರಾಣದಲ್ಲಿ ಇರೋಳು, ಔಷಧಿ ಹೊಡೆಯಲ್ವಲ್ಲೇ?"

"ಇನ್ಮೇಲೆ ಹೊಡೀತೀಯ. ನೀನು ಆರಿಸಿದ್ದನ್ನ ನೀನೂ ಹಾಕ್ಕೊಂಡು ಹೋಗಬೇಕು. ಆಗ ಆರಿಸೋದು ಬರುತ್ತೆ."

ಜುಲೈ 7, ಸೋಮವಾರ

ಇವತ್ತು ಮೊದಲ ಸಾಲು. ಬಕೆಟ್ಟಿನ ಹತ್ತಿರ ಸ್ಟೂಲು ಹಾಕಿಕೊಂಡು ತಂಗಿ ಕೂತಿದ್ದಳು, ರಾಣಿಯ ಹಾಗೆ. ಅವಳದು ಸಣ್ಣ ದನಿ. "ಕೈ ಎತ್ತಿ" ಎಂದದ್ದು ಕೇಳಿಸದೆ ಮೇಸ್ತ್ರಿ ಬಗ್ಗಿ, "ಏನಂದ್ರಮ್ಮಾ?" ಎಂದು ಕೇಳಬೇಕಾಯಿತು. ಇಡೀ ತೋಟವನ್ನು ನಡುಗಿಸುವವನು ಅವಳ ಬಾಯಿಗೆ ಕಿವಿ ಕೊಟ್ಟು ನಿಂತ. ನನ್ನ ಕಣ್ಣು ತಂಪಾಯಿತು.

ಹೊಸ ಹಸಿರು ಕೈಗವಸಿಗೆ ಅವನೇ ಗಾಳಿ ಊದಿದ. ಕೆನ್ನೆ ಉಬ್ಬಿ ಮೀಸೆ ನೆಟ್ಟಗೆ ನಿಂತಿತು. ಪೀಪಾಯಿ ನಕ್ಕು ಜಿಪ್ಪು ಕಿತ್ತುಕೊಂಡ. ನೀರಿನಲ್ಲಿ ಮುಳುಗಿಸಿದರೆ ಗುಳ್ಳೆ ಬರಲಿಲ್ಲ. ತಂಗಿ ಅದನ್ನು ಅವನಿಗೆ ಹಾಕಿಸಿ, ಬೆರಳ ತುದಿ ಹಿಡಿದೆಳೆದಳು. ತುದಿ ಖಾಲಿ ಚೀಲದ ಹಾಗೆ ಜೋತುಬಿತ್ತು.

"ನಿಮಗೆ ದೊಡ್ಡದಾಯ್ತು. ಜಾರುತ್ತೆ, ಔಷಧಿ ಒಳಗೆ ಹೋಗುತ್ತೆ. ಚಿಕ್ಕದು ಬರೋವರೆಗೆ ನಿಮಗೆ ಪಂಪು ಇಲ್ಲ. ಕೂತ್ಕೊಳ್ಳಿ."

"ನಂಗೆ ಚಿಕ್ಕದಾ..." ಎಂದು ಶುರು ಮಾಡಿದವನು ಅವಳ ಬೆರಳುಗಳನ್ನು ನೋಡಿ, "ಹೂಂನಮ್ಮ" ಎಂದು ಹೋಗಿ ಕಲ್ಲಿನ ಮೇಲೆ ಕೂತ. ಅವನ ಕೈಗೆ ಮುಲಾಮು ಹಚ್ಚಿತ್ತು.

ಆಮೇಲೆ ನಾನು. ಕೈ ಎತ್ತಿ ನಿಂತೆ. ತಂಗಿ ನನ್ನ ಅಂಚುಗಳನ್ನು ಮಡಚಿದಳು, ಮುಖ ನೋಡಲಿಲ್ಲ. ಬಹಳ ಹೊತ್ತು ನಿಲ್ಲಿಸಿದಳು. ತೋಳು ನೋಯಲು ಶುರುವಾದ ಮೇಲೆ "ಹೂಂ" ಅಂದಳು.

ನನ್ನ ಕೋಪ ಆರಿದೆ ಅಂತ ಯಾರೂ ತಿಳಿಯಬಾರದು. ನಾಳೆ ಪೇಟೆಗೆ ಹೋಗಿ ಅವನಿಗೆ ಹೆಂಗಸರ ಅಳತೆಯದು ತರಬೇಕು, ಎರಡು ಜೊತೆ, ದಪ್ಪನೆಯದು. ಅಂಗಡಿಯಲ್ಲಿ ಒಂದೊಂದನ್ನೂ ನಾನೇ ಊದಿ, ಮುಳುಗಿಸಿ ನೋಡಿ ತರುತ್ತೇನೆ. ಕೆಮ್ಮು ಬೇರೆ ಶುರುವಾಗಿದೆ ಅವನಿಗೆ, ಮಾಸ್ಕಿನ ಡಬ್ಬಿ ಬದಲಾಯಿಸಬೇಕು. ಅವನು ಬಹಳ ವರ್ಷ ಗಟ್ಟಿಮುಟ್ಟಾಗಿ ಬಾಳಬೇಕು. ಬಾಳಿ, ದಿನಾ ಬೆಳಗ್ಗೆ ನನ್ನ ತಂಗಿಯ ಮುಂದೆ ಆ ಪುಟ್ಟ ಕೈಗಳನ್ನು ಎತ್ತಬೇಕು. ಸತ್ತು ಸಲೀಸಾಗಿ ತಪ್ಪಿಸಿಕೊಳ್ಳಲು ನಾನು ಬಿಡುತ್ತೇನೆಯೇ?